ಗೋರುಮಣೆಗೆ ಪ್ಲಾಸ್ಟಿಕ್ ಹಲಗೆ: ಒಗ್ಗದ ಎಚ್‌ಡಿಪಿಇ ಮತ್ತು ಪಿಪಿಯನ್ನು ಬೆಸೆದ ಕೆಲಸದ ದಾಖಲೆ

ಕಾಫಿ ಕಣದಲ್ಲಿ ಹಣ್ಣು ತಿರುವಿ ಹಾಕುವ ಗೋರುಮಣೆಗೆ 600 ಮಿ.ಮೀ. ಉದ್ದ, 120 ಮಿ.ಮೀ. ಅಗಲ, 12 ಮಿ.ಮೀ. ದಪ್ಪದ ಹಲಗೆ ಬೇಕು. ಕಚ್ಚಾ ಸಾಮಾನು ತೋಟದಲ್ಲೇ ಬಿದ್ದಿದೆ: ಸೀಳಿದ ಸ್ಪ್ರಿಂಕ್ಲರ್ ಪೈಪು ಮತ್ತು ಹರಿದ ಅಕ್ಕಿ ಚೀಲ. ಪೈಪು ಎಚ್‌ಡಿಪಿಇ (ಹೆಚ್ಚು ಸಾಂದ್ರತೆಯ ಪಾಲಿಥೀನ್), ಚೀಲ ಪಿಪಿ (ಪಾಲಿಪ್ರೊಪಿಲೀನ್). ಎರಡನ್ನೂ ಸುಮ್ಮನೆ ಕರಗಿಸಿ ಅಚ್ಚಿಗೆ ಒತ್ತಿದರೆ ನೋಡಲು ಚೆಂದದ ಕಪ್ಪು ಹಲಗೆ ಬರುತ್ತದೆ. ಆದರೆ ಕಣದ ಸಿಮೆಂಟ್ ಅಂಚಿಗೆ ಒಮ್ಮೆ ಬಡಿದರೆ ಸಾಕು, ಒಣಗಿದ ಬಾಳೆದಿಂಡಿನ ಹಾಗೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಆ ಬಿಚ್ಚಿಕೊಳ್ಳುವಿಕೆಯನ್ನು ನಿಲ್ಲಿಸಿದ್ದು ಹೇಗೆ ಎಂಬುದರ ದಾಖಲೆ ಇದು.

ಸಾಮಾನು ಆರಿಸುವುದು

ಕೊಡಗಿನಲ್ಲಿ ಹೂಮಳೆಗೆ ಕಾಯದೆ ಫೆಬ್ರವರಿ, ಮಾರ್ಚ್‌ನಲ್ಲಿ ರೊಬಸ್ಟಾಗೆ ನೀರು ಹಾಯಿಸುವ ತೋಟಗಳಲ್ಲೆಲ್ಲ ಹಳೆಯ ಸ್ಪ್ರಿಂಕ್ಲರ್ ಪೈಪು ಸಿಗುತ್ತದೆ. ಮೇಲೆ ಐಎಸ್ 14151 ಎಂಬ ಗುರುತಿದ್ದರೆ ಅದು ಸ್ಪ್ರಿಂಕ್ಲರಿಗೆಂದೇ ಮಾಡಿದ ಪಾಲಿಥೀನ್ ಪೈಪು. ಅದರೊಳಗಿನ ಕಾರ್ಬನ್ ಬ್ಲ್ಯಾಕ್ ಬಿಸಿಲಿನಿಂದ ಕಾಪಾಡುತ್ತದೆ. ಹಲಗೆಯ ಬಹುಪಾಲು ಈ ಪೈಪೇ ಆಗಿದ್ದರೆ ಕಣದ ಬಿಸಿಲಿಗೆ ಬೇರೆ ರಕ್ಷಣೆ ಹುಡುಕಬೇಕಾಗಿಲ್ಲ.

ಚೀಲದ ವಿಷಯದಲ್ಲಿ ಎರಡು ಎಚ್ಚರಿಕೆ. ಎಳೆಯನ್ನು ಬೆರಳುಗಳ ನಡುವೆ ಉಜ್ಜಿ; ಪುಡಿ ಉದುರಿದರೆ ಬಿಸಿಲು ಅದರ ಉದ್ದುದ್ದ ಅಣುಗಳ ಸರಪಳಿಗಳನ್ನು ಆಗಲೇ ಕಡಿದು ಹಾಕಿದೆ, ಎಸೆಯಿರಿ. ಗೊಬ್ಬರದ ಚೀಲ ಬೇಡ. ನೇಯ್ಗೆಯ ಸಂದಿಯಲ್ಲಿ ಉಳಿದ ಯೂರಿಯಾ 133 ಡಿಗ್ರಿಯ ಹತ್ತಿರ ಕರಗಿ, ಮುಂದೆ ಅಮೋನಿಯ ಬಿಡುತ್ತದೆ. ಹಲಗೆಯೊಳಗೆ ಗುಳ್ಳೆ, ಶೆಡ್ಡಿನಲ್ಲಿ ಘಾಟು. ಕೀಟನಾಶಕದ ಕ್ಯಾನು ಎಷ್ಟೇ ತೊಳೆದಿದ್ದರೂ ಇಲ್ಲಿಗೆ ತರಬೇಡಿ. ಈ ಹಲಗೆ ಓಡಾಡುವುದು ಕುಡಿಯುವ ಕಾಫಿಯ ಮೇಲೆ.

ನೀರಿನಲ್ಲಿ ತೇಲಿಸಿ ಬೇರ್ಪಡಿಸುವ ಉಪಾಯ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ. ಪಿವಿಸಿ, ಪೆಟ್ (ನೀರಿನ ಬಾಟಲಿಯ ಪ್ಲಾಸ್ಟಿಕ್), ನೈಲಾನ್ ಮುಳುಗುತ್ತವೆ. ಪಿಪಿ (ಸಾಂದ್ರತೆ 0.90 ರಿಂದ 0.91) ಮತ್ತು ಎಚ್‌ಡಿಪಿಇ (ಸುಮಾರು 0.95) ಎರಡೂ ತೇಲುತ್ತವೆ. ಇವೆರಡನ್ನು ಗುರುತಿಸಲು 145 ಡಿಗ್ರಿಗೆ ಇಟ್ಟ ಕಬ್ಬಿಣದ ತಟ್ಟೆ ಸಾಕು: 130ರ ಆಸುಪಾಸಿನಲ್ಲಿ ಕರಗುವ ಎಚ್‌ಡಿಪಿಇ ಅಂಟಿಕೊಂಡು ಹರಡುತ್ತದೆ, 160 ದಾಟಿದ ಮೇಲೆ ಕರಗುವ ಪಿಪಿ ಮೆತ್ತಗಾದರೂ ಆಕಾರ ಬಿಡುವುದಿಲ್ಲ. ಪಿವಿಸಿಯ ಒಂದು ಚೂರೂ ಎಕ್ಸ್‌ಟ್ರೂಡರ್ ಯಂತ್ರದ ಬ್ಯಾರೆಲ್‌ಗೆ (ಒಳಗೆ ತಿರುಗುವ ಒಂದು ಸ್ಕ್ರೂ ಪ್ಲಾಸ್ಟಿಕ್ಕನ್ನು ಕರಗಿಸಿ, ಕಲಸಿ, ಮುಂದಕ್ಕೆ ತಳ್ಳುವ ಬಿಸಿ ಕೊಳವೆ) ಹೋಗಬಾರದು. 200 ಡಿಗ್ರಿಯಲ್ಲಿ ಅದು ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬಿಡುತ್ತದೆ, ಸ್ಕ್ರೂವನ್ನೂ ತಿನ್ನುತ್ತದೆ, ಶ್ವಾಸಕೋಶವನ್ನೂ ಬಿಡುವುದಿಲ್ಲ.

ಬರೀ ಕಲಸಿದರೆ ಏಕೆ ಒಗ್ಗುವುದಿಲ್ಲ

ಎರಡೂ ಇಂಗಾಲ ಮತ್ತು ಜಲಜನಕ ಮಾತ್ರ ಇರುವ, ಮೇಣದ ಜಾತಿಯ ವಸ್ತುಗಳು. ಆದ್ದರಿಂದ ಕರಗಿಸಿದರೆ ಬೆರೆಯಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. 1940ರ ದಶಕದ ಆರಂಭದಲ್ಲಿ ಪಾಲ್ ಫ್ಲೋರಿ ಮತ್ತು ಮಾರಿಸ್ ಹಗ್ಗಿನ್ಸ್ ಬೇರೆ ಬೇರೆಯಾಗಿ ಹಾಕಿದ ಲೆಕ್ಕ ಇದಕ್ಕೆ ಉತ್ತರ. ಚಿಕ್ಕ ಅಣುಗಳು ಬೆರೆತರೆ ಸಿಗುವ ಅಸ್ತವ್ಯಸ್ತತೆಯ ಲಾಭ ದೊಡ್ಡದು, ಅವು ಬೆರೆಯುವಂತೆ ಮಾಡುವುದು ಅದೇ. ಸಾವಿರಾರು ಕೊಂಡಿಗಳ ಸರಪಳಿಗಳು ಬೆರೆತರೆ ಆ ಲಾಭ ಹೆಚ್ಚುಕಡಿಮೆ ಏನೂ ಉಳಿಯುವುದಿಲ್ಲ. ಆಗ ಎರಡರ ನಡುವಿನ ಎಳ್ಳಷ್ಟು ಒಗ್ಗದಿಕೆಯೂ ಬೇರ್ಪಡಿಸಲು ಸಾಕಾಗುತ್ತದೆ.

ಹೀಗೆ ಒಂದರೊಳಗೆ ಇನ್ನೊಂದು ಹನಿಹನಿಯಾಗಿ ನಿಲ್ಲುತ್ತದೆ. ಹನಿಯ ಮೈಯಲ್ಲಿ ಸರಪಳಿಗಳು ಒಂದರೊಳಗೊಂದು ತೂರುವುದು ಕೆಲವೇ ನ್ಯಾನೊಮೀಟರ್. ಎಳೆದರೆ ಸರಕ್ಕನೆ ಜಾರಿ ಬರುತ್ತವೆ. ಸಾಲದ್ದಕ್ಕೆ ತಣಿಯುವಾಗ ಎರಡೂ ಹರಳುಗಟ್ಟಿ ಕುಗ್ಗುತ್ತವೆ, ಹರಳಿಗೆ ಸೇರದ ಗಿಡ್ಡ ಸರಪಳಿಗಳು ಗಡಿಗೆ ತಳ್ಳಲ್ಪಡುತ್ತವೆ. ಅಂಟಬೇಕಾದ ಜಾಗಕ್ಕೇ ಎಣ್ಣೆ ಸವರಿದಂತೆ.

ಈ ಗಡಿ ಎಷ್ಟು ದೊಡ್ಡದು ಎಂದು ಲೆಕ್ಕ ಹಾಕಿ ನೋಡಿ. ನಮ್ಮ ಹಲಗೆಯ ಗಾತ್ರ 864 ಘನ ಸೆಂ.ಮೀ. ಅದರಲ್ಲಿ ಕಾಲು ಭಾಗ ಪಿಪಿ, ಹನಿಯ ವ್ಯಾಸ 2 ಮೈಕ್ರಾನ್ ಎಂದಿಟ್ಟುಕೊಂಡರೆ, ಒಳಗಿನ ಗಡಿಯ ಒಟ್ಟು ವಿಸ್ತೀರ್ಣ ಸುಮಾರು 650 ಚದರ ಮೀಟರ್. ನಮ್ಮ ಅಳತೆಯಲ್ಲಿ ಹದಿನಾರು ಸೆಂಟ್ ಜಾಗ. ಎರಡು ಕೈಯಲ್ಲಿ ಎತ್ತಿ ಹಿಡಿಯುವ ಒಂದು ಹಲಗೆಯೊಳಗೆ ಹದಿನಾರು ಸೆಂಟ್‌ನಷ್ಟು ಬಿರುಕು ಬಿಡಲು ಕಾದಿರುವ ಗಡಿ. ನಿಜವಾದ ಕೆಲಸ ಇರುವುದು ಅಲ್ಲಿ. ಎಷ್ಟು ಹೊತ್ತು ಕಲಸಿದಿರಿ ಎಂಬುದಕ್ಕಿಂತ ಆ ಗಡಿಯ ಮೇಲೆ ಏನು ಕೂರಿಸಿದಿರಿ ಎಂಬುದು ಮುಖ್ಯ.

ಗಡಿಯ ಮೇಲೆ ಕೂರುವ ವಸ್ತು

ಬೇಕಾದ್ದು ಒಂದು ತುದಿ ಪಾಲಿಥೀನಿಗೂ ಇನ್ನೊಂದು ಪಿಪಿಗೂ ಒಗ್ಗುವ ಸರಪಳಿ. 2017ರಲ್ಲಿ ಅಮೆರಿಕದ ಸಂಶೋಧಕರಾದ ಜೆಫ್ರಿ ಕೋಟ್ಸ್, ಫ್ರ್ಯಾಂಕ್ ಬೇಟ್ಸ್ ಮತ್ತು ಸಂಗಡಿಗರು ಪಾಲಿಥೀನ್ ಮತ್ತು ಪಿಪಿ ಕಂತುಗಳನ್ನು ಸರದಿಯಾಗಿ ಜೋಡಿಸಿದ ನಾಲ್ಕು ಕಂತಿನ ಸರಪಳಿಯನ್ನು ಪ್ರಕಟಿಸಿದರು. ನೂರಕ್ಕೆ 1 ಭಾಗ ಹಾಕಿದರೂ ಪೆಡಸು ಮಿಶ್ರಣ ಎಳೆದರೆ ಮುರಿಯದೆ ಹಿಗ್ಗುವ ಗಟ್ಟಿ ಪ್ಲಾಸ್ಟಿಕ್ ಆಯಿತು. ಮಾರುಕಟ್ಟೆಯಲ್ಲಿ ಸಿಗುವ ಹತ್ತಿರದ ಬಂಧುಗಳೆಂದರೆ ಹೀಗೆಯೇ ಬೇರೆ ಬೇರೆ ಕಂತುಗಳಿರುವ ಸರಪಳಿಗಳಾದ ಓಲೆಫಿನ್ ಬ್ಲಾಕ್ ಕೋಪಾಲಿಮರ್‌ಗಳು. ಡೌ ಕಂಪನಿಯ ಇನ್‌ಟ್ಯೂನ್ ಪಿಪಿ ಮತ್ತು ಪಾಲಿಥೀನನ್ನು ಬೆಸೆಯಲೆಂದೇ ಮಾಡಿದ್ದು.

ಅದು ಸಿಗದಿದ್ದರೆ ಗುಜರಿ ಅಂಗಡಿಯಲ್ಲೇ ಒಂದು ಬದಲಿ ಇದೆ: ಕಾರಿನ ಬಂಪರ್. ಒಳಮೈಯಲ್ಲಿ ಪಿಪಿ ಪ್ಲಸ್ ಇಪಿಡಿಎಂ ಎಂಬ ಗುರುತು ಹುಡುಕಿ. ಪಕ್ಕದಲ್ಲಿ ಟಿಡಿ 20 ಎಂದಿದ್ದರೆ ಅದರಲ್ಲಿ ನೂರಕ್ಕೆ 20 ಭಾಗ ಟಾಲ್ಕ್ ಪುಡಿ. ಇಪಿಡಿಎಂ ಎಂದರೆ ಎಥಿಲೀನ್ ಮತ್ತು ಪ್ರೊಪಿಲೀನ್ ಎರಡೂ ಇರುವ ರಬ್ಬರ್. ಕಂತುಗಳ ಸರಪಳಿಯಷ್ಟು ಬಿಗಿಯಾಗಿ ಹಿಡಿಯದಿದ್ದರೂ ಗಡಿಗೆ ಹೋಗಿ ನಿಲ್ಲುವ ಗುಣ ಇದೆ. ಬಣ್ಣ ಬಳಿದ ಬಂಪರ್ ಬೇಡವೇ ಬೇಡ. ಬಣ್ಣದ ಚಕ್ಕೆ ಕರಗುವುದಿಲ್ಲ, ಒಂದೊಂದು ಚಕ್ಕೆಯೂ ಒಂದೊಂದು ಬಿರುಕಿನ ಬೀಜ. ಬಣ್ಣವಿಲ್ಲದ ಕಪ್ಪು ಬಂಪರ್ ಮಾತ್ರ ಆರಿಸಿ. ಬ್ಯಾಟರಿ ಡಬ್ಬವೂ ಒಳ್ಳೆಯ ಪಿಪಿಯೇ, ಆದರೆ ಅದರಲ್ಲಿ ಸೀಸ ಮತ್ತು ಆಮ್ಲ ಇರುತ್ತದೆ, ಮುಟ್ಟಬೇಡಿ.

ಇನ್ನೊಂದು ತಪ್ಪು ತಿಳಿವಳಿಕೆ ಇಲ್ಲೇ ತೀರಲಿ. ಮೆಲೇಯಿಕ್ ಅನ್‌ಹೈಡ್ರೈಡ್ ಕಸಿ ಮಾಡಿದ ಪಿಪಿಯನ್ನು ಎಲ್ಲದಕ್ಕೂ ಮದ್ದು ಎಂಬಂತೆ ಮಾರುತ್ತಾರೆ. ನೈಲಾನ್ ಜೊತೆಗಾದರೆ ಅದು ನಿಜಕ್ಕೂ ಮದ್ದೇ, ಏಕೆಂದರೆ ನೈಲಾನಿನ ಅಮೀನ್ ತುದಿಯ ಜೊತೆ ಅನ್‌ಹೈಡ್ರೈಡ್ ರಾಸಾಯನಿಕವಾಗಿ ಕೂಡಿ, ಬೇಕಾದ ಜೋಡು ಸರಪಳಿ ಬ್ಯಾರೆಲ್‌ನೊಳಗೇ ಹುಟ್ಟುತ್ತದೆ. ಎಚ್‌ಡಿಪಿಇಯಲ್ಲಿ ಅದಕ್ಕೆ ಕೈಹಿಡಿಯಲು ಯಾವ ಗುಂಪೂ ಇಲ್ಲ. ಪಿಪಿ ಮತ್ತು ಎಚ್‌ಡಿಪಿಇ ಹಲಗೆಗೆ ಅದು ವ್ಯರ್ಥ ಖರ್ಚು.

ಯಾವುದರೊಳಗೆ ಯಾವುದು

ಮೊದಲ ಮಿಶ್ರಣ ಅರ್ಧಕ್ಕರ್ಧ: 5 ಕಿಲೋ ಪೈಪಿನ ಚೂರು, 5 ಕಿಲೋ ಚೀಲ. ಮುರಿದ ಮೈಯನ್ನು ಹತ್ತು ಪಟ್ಟಿನ ಲೆನ್ಸ್ ಇಟ್ಟು ನೋಡಿದಾಗ ಉದ್ದುದ್ದ ಎಳೆಗಳು, ನಡುವೆ ಕರಗಿ ಹರಡದ ಕಪ್ಪು ಗಂಟುಗಳು. ಈ ಗಂಟುಗಳ ಕಾರಣ ಸ್ನಿಗ್ಧತೆ, ಅಂದರೆ ಹರಿಯಲು ಒಡ್ಡುವ ತಡೆ. ಪೈಪಿನ ಎಚ್‌ಡಿಪಿಇ ಕರಗಿದರೂ ಬಹಳ ಗಟ್ಟಿ. ಚೀಲದ ಪಿಪಿ ಅದರ ಮುಂದೆ ತೆಳು. ತೆಳ್ಳಗಿನ ದೋಸೆ ಹಿಟ್ಟಿನೊಳಗೆ ಮುದ್ದೆಯ ತುಂಡು ಹಾಕಿ ಸೌಟಿನಲ್ಲಿ ತಿರುಗಿಸಿದರೆ ಮುದ್ದೆ ಒಡೆಯುವುದಿಲ್ಲ, ತಾನೂ ತಿರುಗುತ್ತಾ ಜಾರಿಕೊಳ್ಳುತ್ತದೆ. ಹನಿ ಸುತ್ತಲಿನ ದ್ರವಕ್ಕಿಂತ ಸುಮಾರು 4 ಪಟ್ಟಿಗಿಂತ ಹೆಚ್ಚು ಸ್ನಿಗ್ಧವಾಗಿದ್ದರೆ, ಪದರದ ಮೇಲೆ ಪದರ ಜಾರುವ ಹರಿವಿನಲ್ಲಿ ಅದು ಒಡೆಯುವುದೇ ಇಲ್ಲ. ಒಂಟಿ ಸ್ಕ್ರೂ ಕೊಡುವುದು ಬಹುಪಾಲು ಅಂಥ ಹರಿವನ್ನೇ.

ಉಪಾಯ ಸರಳ, ಸ್ಥಾನ ಬದಲಿಸಿ. ಗಟ್ಟಿಯಾದದ್ದು ಹೊರಗೆ, ತೆಳುವಾದದ್ದು ಹನಿಯಾಗಿ ಒಳಗೆ. ಆದರೆ ತೆಳುವಾದದ್ದು ತಾನೇ ಹೊರಗೆ ಸುತ್ತಿಕೊಳ್ಳಲು ಹವಣಿಸುತ್ತದೆ, ಅದಕ್ಕಾಗಿ ಅದರ ಪಾಲನ್ನು ಕಾಲು ಭಾಗಕ್ಕಿಂತ ಹೆಚ್ಚಿಸಬಾರದು. 7 ಕಿಲೋಗೆ 3 ಕಿಲೋ ಹಾಕಿದ ಎರಡನೆಯ ಮಿಶ್ರಣದಲ್ಲಿ ಗಂಟು ಹೋಯಿತು, ಆದರೆ ಡೈಯ (ಬ್ಯಾರೆಲ್‌ನಿಂದ ಮಾಲು ಹೊರಬರುವ ಬಾಯಿ) ಹತ್ತಿರ ಪಿಪಿಯ ಬಿಳಿ ಪಟ್ಟೆಗಳು ಉಳಿದವು. ಹಲಗೆ ಉದ್ದಕ್ಕೆ ಗಟ್ಟಿ, ಅಡ್ಡಕ್ಕೆ ದುರ್ಬಲ.

ನಿಂತ ಅಳತೆ ಇದು, 10 ಕಿಲೋಗೆ: ಪೈಪಿನ ಚೂರು 7.2 ಕಿಲೋ, ಚೀಲದ ಪಿಪಿ 2.3 ಕಿಲೋ, ಬ್ಲಾಕ್ ಕೋಪಾಲಿಮರ್ 500 ಗ್ರಾಂ, ಜೊತೆಗೆ ಬಿಸಿಯಲ್ಲಿ ಪ್ಲಾಸ್ಟಿಕ್ ಕೆಡದಂತೆ ಕಾಯುವ ಆಂಟಿಆಕ್ಸಿಡೆಂಟ್ 1010 ಮತ್ತು 168 ತಲಾ 10 ಗ್ರಾಂ. ಬಂಪರ್ ಬಳಸುವುದಾದರೆ ಪೈಪು 6.8, ಚೀಲ 1.0, ಬಂಪರ್ 2.2 ಕಿಲೋ. ಬಂಪರಿನ ಬಹುಭಾಗ ಪಿಪಿಯೇ ಆದ್ದರಿಂದ ಚೀಲ ಕಡಿಮೆಯಾಗಬೇಕು. ಅದರೊಳಗೆ ರಬ್ಬರ್ ಸ್ವಲ್ಪವೇ ಇರುವುದರಿಂದ 500 ಗ್ರಾಂ ಹಾಕಿ ಫಲ ನಿರೀಕ್ಷಿಸುವಂತಿಲ್ಲ.

ಪ್ರಯೋಗಾಲಯದಲ್ಲಿ ನೂರಕ್ಕೆ 1 ಸಾಕಾದದ್ದು ಇಲ್ಲಿ 5 ಏಕೆ? 500 ಗ್ರಾಂ ಲೆಕ್ಕದಲ್ಲಿ ಒಂದು ಹಲಗೆಗೆ ಸುಮಾರು 43 ಘನ ಸೆಂ.ಮೀ. ಬರುತ್ತದೆ. ಅದಷ್ಟೂ ಆ ಹದಿನಾರು ಸೆಂಟಿನ ಮೇಲೆ ಸಮನಾಗಿ ಹರಡಿದರೆ 60 ನ್ಯಾನೊಮೀಟರ್ ಮೀರಿದ ದಪ್ಪ, ಧಾರಾಳವಾಯಿತು. ನಿಜದಲ್ಲಿ ಒಂಟಿ ಸ್ಕ್ರೂ ಅದನ್ನು ಪೂರ್ತಿ ಹರಡುವುದಿಲ್ಲ, ಬಹಳಷ್ಟು ತನ್ನಷ್ಟಕ್ಕೆ ಹನಿಯಾಗಿ ಉಳಿದುಬಿಡುತ್ತದೆ. ಆ ನಷ್ಟಕ್ಕೆಂದು ಹೆಚ್ಚು. ಹಾಗೆಂದು 10 ಭಾಗಕ್ಕೆ ಏರಿಸಬೇಡಿ: ಹಲಗೆ ಮೆತ್ತಗಾಗಿ, ಹಸಿ ಹಣ್ಣಿನ ರಾಶಿ ತಳ್ಳುವಾಗ ಬಳುಕುತ್ತದೆ.

ಎರಡು ಸಲ ಹಾಯಿಸುವುದು

ಚೀಲದ ಎಳೆ ಹತ್ತಿಯಂತೆ ಹಗುರ, ಹಾಪರ್‌ನಲ್ಲಿ (ಬ್ಯಾರೆಲ್‌ಗೆ ಮಾಲು ಸುರಿಯುವ ಆಲಿಕೆ) ಕಮಾನು ಕಟ್ಟಿ ನಿಲ್ಲುತ್ತದೆ. ಮೊದಲು ಎರಡು ಬಿಸಿ ತಟ್ಟೆಗಳ ನಡುವೆ 170 ಡಿಗ್ರಿಯಲ್ಲಿ ಒತ್ತಿ ಹಪ್ಪಳ ಮಾಡಿ, ಆಮೇಲೆ 5 ಮಿ.ಮೀ. ಚೂರು ಮಾಡಬೇಕು. ಮಳೆಗಾಲದಲ್ಲಿ ಇದನ್ನು ಬಿಡಲೇಬಾರದು. ಪಿಪಿ ನೀರು ಕುಡಿಯುವುದಿಲ್ಲ ಎಂಬುದು ನಿಜ, ಆದರೆ ಜುಲೈ ತಿಂಗಳ ಮಡಿಕೇರಿಯ ಗಾಳಿಯಲ್ಲಿ ನೇಯ್ದ ಚೀಲ ಮೈಮೇಲೆ ಹೊತ್ತ ನೀರು ಬ್ಯಾರೆಲ್‌ನಲ್ಲಿ ಹಬೆಯಾಗಿ ಹಲಗೆಯನ್ನು ಜೇನುಗೂಡು ಮಾಡುತ್ತದೆ. ಚೂರನ್ನು 80 ಡಿಗ್ರಿಯಲ್ಲಿ 2 ಗಂಟೆ ಒಣಗಿಸಿ, ಬಿಸಿಯಾಗಿರುವಾಗಲೇ ಹಾಪರ್‌ಗೆ ಹಾಕಿ.

ಮೊದಲ ಸುತ್ತಿನಲ್ಲಿ ಪಿಪಿ, ಬ್ಲಾಕ್ ಕೋಪಾಲಿಮರ್, ಆಂಟಿಆಕ್ಸಿಡೆಂಟ್ ಮಾತ್ರ. ಬ್ಯಾರೆಲ್ 170, 185, 190 ಡಿಗ್ರಿ. ಹೊರಬಂದ ಎಳೆಯನ್ನು ನೀರಿನ ತೊಟ್ಟಿಯಲ್ಲಿ ತಣಿಸಿ, ಒರೆಸಿ ಕತ್ತರಿಸಿ. ಎರಡನೆಯ ಸುತ್ತಿನಲ್ಲಿ ಈ ಚೂರನ್ನು ಪೈಪಿನ ಚೂರಿನ ಜೊತೆ ಬೆರೆಸಿ 180, 195, 200, ಡೈ 195. ಡೈಗೆ ಮುಂಚಿನ ತೂತಿನ ತಟ್ಟೆಯಾದ ಬ್ರೇಕರ್ ಪ್ಲೇಟ್ ಹಿಂದೆ, ಸ್ಕ್ರೂವಿನ ಕಡೆಗೆ, 40 ಮೆಶ್ ಜಾಲರಿ. ಎಲ್ಲವನ್ನೂ ಒಟ್ಟಿಗೆ ಸುರಿದರೆ ಕೋಪಾಲಿಮರ್ ಪೈಪಿನ ಎಚ್‌ಡಿಪಿಇಯೊಳಗೇ ಕಳೆದುಹೋಗಬಹುದು. ಮೊದಲೇ ಪಿಪಿಯ ಜೊತೆ ಇದ್ದರೆ ಹನಿ ಒಡೆಯುವ ಹೊತ್ತಿಗೆ ಗಡಿಯ ಹತ್ತಿರವೇ ಇರುತ್ತದೆ.

ಪೈಪು ಸರಿಯಾಗಿ ಹರಿಯುತ್ತಿಲ್ಲ ಎಂದು ತಾಪ 230ಕ್ಕೆ ಏರಿಸುವ ಆಸೆ ಬರುತ್ತದೆ, ತಡೆದುಕೊಳ್ಳಿ. ಅಲ್ಲಿ ಪಿಪಿಯ ಸರಪಳಿ ತುಂಡಾಗುತ್ತದೆ, ಎಚ್‌ಡಿಪಿಇಯದು ಕವಲೊಡೆದು ಒಂದಕ್ಕೊಂದು ಹೆಣೆದುಕೊಳ್ಳುತ್ತದೆ. ತೆಳುವಾದದ್ದು ಇನ್ನೂ ತೆಳು, ಗಟ್ಟಿಯಾದದ್ದು ಇನ್ನೂ ಗಟ್ಟಿ. ಸ್ನಿಗ್ಧತೆಯ ಅಂತರ ನಮಗೆ ಬೇಡದ ದಿಕ್ಕಿಗೇ ಹಿಗ್ಗುತ್ತದೆ.

ಕರೆಂಟ್ ಹೋಗುವುದು ಇಲ್ಲಿ ದಿನನಿತ್ಯದ ಮಾತು, ಅದಕ್ಕೊಂದು ಕ್ರಮ ಇರಲಿ. ನಿಂತ ಸ್ಕ್ರೂವಿನೊಳಗೆ ಪ್ಲಾಸ್ಟಿಕ್ ಹೆಪ್ಪುಗಟ್ಟಿರುತ್ತದೆ. ಕರೆಂಟ್ ಬಂದ ಕೂಡಲೇ ಮೋಟರ್ ಹಾಕಿದರೆ ಸ್ಕ್ರೂ ತಿರುಚಿ ಮುರಿಯುತ್ತದೆ ಅಥವಾ ಗೇರ್‌ಬಾಕ್ಸಿನ ಕೀ ಹೋಗುತ್ತದೆ. ಕಂಟ್ರೋಲರ್ 195 ತೋರಿಸಿದ ಮೇಲೂ ಅರ್ಧ ಗಂಟೆ ಬಿಡಿ, ಏಕೆಂದರೆ ಥರ್ಮೋಕಪಲ್ ಓದುವುದು ಉಕ್ಕಿನ ತಾಪವನ್ನು, ಒಳಗಿನ ಪ್ಲಾಸ್ಟಿಕ್ಕಿನದನ್ನಲ್ಲ. ಮೊದಲು ಬರುವ ಅರ್ಧ ಕಿಲೋ ಸುಟ್ಟ ವಾಸನೆಯ ಮಾಲನ್ನು ಬೇರೆ ಇಡಿ, ಹಲಗೆಗೆ ಸೇರಿಸಬೇಡಿ. ಡೈ ಎದುರಿಗೆ ನಿಲ್ಲಬೇಡಿ: ಸಿಕ್ಕಿಕೊಂಡ ಹಬೆ ಕರಗಿದ ಮಾಲನ್ನು ಉಗುಳುತ್ತದೆ. ಚರ್ಮದ ಕೈಗವಸು, ಕನ್ನಡಕ, ಪಕ್ಕದಲ್ಲಿ ನೀರಿನ ಬಕೆಟ್ ಇರಲಿ.

ಅಚ್ಚು, ಮತ್ತು ಹೆಚ್ಚು ಹೊತ್ತು ಬಿಸಿ ಇಟ್ಟ ತಪ್ಪು

ಅಚ್ಚಿನ ಒಳ ಅಳತೆ 615 ಮತ್ತು 123 ಮಿ.ಮೀ. ಎರಡೂ ಪ್ಲಾಸ್ಟಿಕ್ ತಣಿಯುವಾಗ ಶೇಕಡಾ 2ರಷ್ಟು ಅಥವಾ ತುಸು ಹೆಚ್ಚು ಕುಗ್ಗುತ್ತವೆ, ಅದಕ್ಕೆ ಈ ಬಿಡುವು. ಹಲಗೆಯ ತೂಕ ಸುಮಾರು 810 ಗ್ರಾಂ. ಅಂಚಿನಿಂದ ಉಕ್ಕುವುದಕ್ಕೂ ಕುಗ್ಗುವುದಕ್ಕೂ ಸೇರಿಸಿ 900 ಗ್ರಾಂ ಮಾಲು ತೂಗಿ. ಅಚ್ಚನ್ನು 150 ಡಿಗ್ರಿಗೆ ಕಾಯಿಸಿ, ಡೈಯಿಂದ ಬರುವ ಹುರಿಯನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಓರೆಯಾಗಿ ಜೋಡಿಸಿ. ಎಲ್ಲವನ್ನೂ ಉದ್ದಕ್ಕೇ ಇಟ್ಟರೆ ಹುರಿಗಳ ಬೆಸುಗೆ ಗೆರೆಯಲ್ಲೇ ಹಲಗೆ ಸೀಳುತ್ತದೆ. 20 ಟನ್ ಜ್ಯಾಕ್ ಈ ಹಲಗೆಯ ಮೇಲೆ ಚದರ ಸೆಂ.ಮೀ.ಗೆ ಸುಮಾರು 28 ಕಿಲೋ ಒತ್ತಡ ಕೊಡುತ್ತದೆ, ಅಷ್ಟು ಸಾಕು. ತಣಿಯುತ್ತಾ ಮಾಲು ಕುಗ್ಗುವಾಗ ಜ್ಯಾಕನ್ನು ಮತ್ತೆ ಮತ್ತೆ ಬಿಗಿ ಮಾಡಿ. ಅಚ್ಚಿನ ಹೊರಮೈ 70 ಡಿಗ್ರಿಗೆ ಇಳಿಯುವವರೆಗೆ ಒತ್ತಡ ಬಿಡಬೇಡಿ. ಬೇಗ ತೆಗೆದರೆ ಹಲಗೆ ದೋಣಿಯಂತೆ ಬಾಗುತ್ತದೆ.

ಇಡೀ ಕೆಲಸದಲ್ಲಿ ಹೆಚ್ಚು ಕಲಿಸಿದ್ದು ಒಂದು ಹಾಳಾದ ಹಲಗೆ. ಕೋಪಾಲಿಮರ್ ಇಲ್ಲದ ಮಿಶ್ರಣವನ್ನು ಸಮನಾಗಿ ಕರಗಲಿ ಎಂದು 200 ಡಿಗ್ರಿಯ ಒಲೆಯಲ್ಲಿ ಅಚ್ಚಿನೊಳಗೆ 1 ಗಂಟೆ ಇಡಲಾಯಿತು. ಅದೇ ಮಾಲಿನಿಂದ ನೇರವಾಗಿ ಒತ್ತಿದ ಹಲಗೆಗಿಂತ ಅದು ಎದ್ದು ಕಾಣುವಷ್ಟು ಪೆಡಸಾಯಿತು. ಸ್ಕ್ರೂ ಒಡೆದ ಹನಿಗಳು ನಿಂತ ಬಿಸಿ ಮಾಲಿನಲ್ಲಿ ಒಂದಕ್ಕೊಂದು ಸೇರಿ ದೊಡ್ಡವಾಗುತ್ತವೆ. ಕಲಸಿದ ಶ್ರಮವೆಲ್ಲ ಮರಳಿ ಹೋಗುತ್ತದೆ. ಕೋಪಾಲಿಮರ್ ಇರುವ ಮಾಲನ್ನು ಅಷ್ಟೇ ಹೊತ್ತು ಇಟ್ಟಾಗ ಕೆಡುಕು ತುಂಬ ಕಡಿಮೆ. ಗಡಿಯ ಮೇಲೆ ಕೂತ ಸರಪಳಿಗಳು ಹನಿಗಳನ್ನು ಪರಸ್ಪರ ತಾಗಲು ಬಿಡುವುದಿಲ್ಲ. ಅಂಟಿಸುವುದಕ್ಕಿಂತ ಈ ಕಾವಲೇ ಅದರ ದೊಡ್ಡ ಉಪಕಾರ ಎನ್ನಬಹುದು. ಏನೇ ಇರಲಿ, ಅಚ್ಚು ತುಂಬಿದ ಮೇಲೆ ಕಾಯಬೇಡಿ, ಕೂಡಲೇ ಒತ್ತಿ ತಣಿಸಿ.

ಬಡಿದು ನೋಡುವುದು

ಪ್ರತಿ ಮಿಶ್ರಣದಿಂದ 120 ಮಿ.ಮೀ. ಉದ್ದ, 20 ಮಿ.ಮೀ. ಅಗಲದ ಐದು ಪಟ್ಟಿ ಉದ್ದಕ್ಕೆ, ಐದು ಅಡ್ಡಕ್ಕೆ ಕತ್ತರಿಸಿ. ನಡುವೆ ಗರಗಸದಲ್ಲಿ 2.5 ಮಿ.ಮೀ. ಗಾಯ ಮಾಡಿ, ಅದರ ತಳವನ್ನು ಹೊಸ ಬ್ಲೇಡಿನಿಂದ ಒಮ್ಮೆ ಎಳೆಯಿರಿ. ಗಾಯದ ಮೊನೆ ಪ್ರತಿ ಪಟ್ಟಿಯಲ್ಲೂ ಒಂದೇ ತರಹ ಇರದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಐಸ್ ನೀರಿನಲ್ಲಿ ಅರ್ಧ ಗಂಟೆ ಇಡಿ. ಪಿಪಿ 0 ಡಿಗ್ರಿಯ ಹತ್ತಿರ ಗಾಜಿನಂತಾಗುತ್ತದೆ; ಡಿಸೆಂಬರ್ ಮುಂಜಾನೆಯ ಕಣದಲ್ಲಿ ತಡೆಯುವುದೇ ಎಂಬುದನ್ನು ಇದಕ್ಕಿಂತ ಕಠಿಣವಾಗಿ ಕೇಳಲಾಗದು. ಆಮೇಲೆ 80 ಮಿ.ಮೀ. ಅಂತರದ ಎರಡು ಆಸರೆಗಳ ಮೇಲೆ ಗಾಯ ಕೆಳಮುಖವಾಗಿ ಇಟ್ಟು, ನಿಲ್ಲಿಸಿದ ಪಿವಿಸಿ ಕೊಳವೆಯೊಳಗಿಂದ 1 ಕಿಲೋ ತೂಕ ಬಿಡಿ. 1 ಮೀಟರ್ ಎತ್ತರಕ್ಕೆ 9.8 ಜೌಲ್. 10 ಸೆಂ.ಮೀ.ನಿಂದ ಆರಂಭಿಸಿ ಹಂತಹಂತವಾಗಿ ಏರಿಸಿ, ಪ್ರತಿ ಹಂತಕ್ಕೂ ಹೊಸ ಪಟ್ಟಿ.

ಮುರಿಯಿತೇ ಎಂಬುದಕ್ಕಿಂತ ಹೇಗೆ ಮುರಿಯಿತು ಎಂಬುದು ಹೆಚ್ಚು ಹೇಳುತ್ತದೆ. ಅರ್ಧಕ್ಕರ್ಧ ಮಿಶ್ರಣ ಟಕ್ ಎಂದು ಎರಡಾಯಿತು. ಮುರಿದ ಮೈಯಲ್ಲಿ ನುಣುಪಾದ ಎಳೆಗಳು, ಅವು ಕಿತ್ತು ಬಂದ ಸ್ವಚ್ಛ ಕಾಲುವೆಗಳು. ಒಂದು ನಾರೂ ಈ ಕಡೆಯಿಂದ ಆ ಕಡೆಗೆ ಎಳೆದಿರಲಿಲ್ಲ. ಕೋಪಾಲಿಮರ್ ಹಾಕಿದ್ದು ಗಾಯದ ಮೊನೆಯಲ್ಲಿ ಬೂದು ಬಣ್ಣಕ್ಕೆ ತಿರುಗಿ, ಬಾಗಿ, ಕೂದಲಿನಂತಹ ನಾರುಗಳನ್ನು ಎಳೆದುಕೊಂಡು ಅರ್ಧಕ್ಕೇ ನಿಂತಿತು. ಆ ಬೂದು ಬಣ್ಣ ಒಳ್ಳೆಯ ಸುದ್ದಿ: ಒಳಗೆ ಸಾವಿರಾರು ಕಿರುಗುಳಿ ತೆರೆದು ಸುತ್ತಲಿನ ಪ್ಲಾಸ್ಟಿಕ್ ಹರಿದು ಹಿಗ್ಗಿ, ಪೆಟ್ಟನ್ನು ನುಂಗಿದೆ. ಬಂಪರ್ ಹಾಕಿದ್ದು ಇವೆರಡರ ನಡುವೆ, ಎರಡನೆಯದಕ್ಕೆ ಹತ್ತಿರ. ಅಡ್ಡಕ್ಕೆ ಕತ್ತರಿಸಿದ ಪಟ್ಟಿಗಳಲ್ಲಿ ಒಂದೆರಡು ಮಾತ್ರ ಚಟ್ಟನೆ ಮುರಿದವು, ಮುರಿದ ಜಾಗದಲ್ಲಿ ನೋಡಿದರೆ ಮಣ್ಣಿನ ಕಣ. ಅದು ತೊಳೆಯುವಾಗಿನ ಲೋಪ.

ನೈಲಾನ್ ಹಗ್ಗ, ಪೆಟ್ ಬಾಟಲಿ

ಪ್ರವಾಸಿಗರು ಬಿಟ್ಟುಹೋದ ನೀರಿನ ಬಾಟಲಿಯನ್ನೂ ಇದಕ್ಕೇ ಹಾಕಬಾರದೇ ಎಂಬ ಪ್ರಶ್ನೆ ಸಹಜ. ಪೆಟ್ ಕರಗುವುದು 250 ದಾಟಿದ ಮೇಲೆ. ನಮ್ಮ 200 ಡಿಗ್ರಿಯಲ್ಲಿ ಅದು ಕಲ್ಲಿನ ಚೂರು. 260ಕ್ಕೆ ಏರಿಸಿದರೆ ಪಿಪಿ ಹಾಳು. ಮೇಲಾಗಿ ಪೆಟ್‌ನಲ್ಲಿ ತೇವ ಹತ್ತು ಲಕ್ಷಕ್ಕೆ 50 ಭಾಗಕ್ಕಿಂತ ಹೆಚ್ಚಿದ್ದರೆ ಕರಗುವಾಗ ನೀರೇ ಅದರ ಸರಪಳಿ ಕಡಿಯುತ್ತದೆ. ನಮ್ಮ ಮಳೆಗಾಲದಲ್ಲಿ ಸರಿಯಾದ ಡ್ರೈಯರ್ ಇಲ್ಲದೆ ಆ ಒಣಗು ಸಾಧ್ಯವಿಲ್ಲ. ನೈಲಾನ್ 6 ಕರಗುವುದು 220ರಲ್ಲಿ. ಅದಕ್ಕೆ ಕಸಿ ಮಾಡಿದ ಪಿಪಿ ಮತ್ತು ಬೇರೆಯದೇ ಕ್ರಮ ಬೇಕು. ಎರಡನ್ನೂ ಬೇರೆ ಮೂಟೆ ಕಟ್ಟಿ ಗುಜರಿಗೆ ಕೊಡುವುದೇ ಸರಿ.

ಹಿಡಿ ಕೂಡಿಸುವುದು

ಹಲಗೆಯ ನಾಲ್ಕೂ ಮೂಲೆಯನ್ನು 15 ಮಿ.ಮೀ. ತ್ರಿಜ್ಯಕ್ಕೆ ದುಂಡು ಮಾಡಿ. ಗರಗಸದ ಗೀರು ಉಳಿದರೆ ಅದೇ ಗಾಯವಾಗುತ್ತದೆ, ಅಂಚನ್ನು ಉಜ್ಜುಕಾಗದದಿಂದ ನುಣುಪು ಮಾಡಿ. ಕೆಳ ಅಂಚಿಗೆ 45 ಡಿಗ್ರಿ ಇಳಿಜಾರು. ಹಿಡಿಯ ತಟ್ಟೆಗೆ ಎಂಟು ಮಿ.ಮೀ. ಬೋಲ್ಟ್ ಮೂರು: ನಡುವಿನ ತೂತು 8.5 ಮಿ.ಮೀ. ದುಂಡಗೆ, ಎರಡೂ ಬದಿಯವು ಉದ್ದಕ್ಕೆ 12 ಮಿ.ಮೀ. ಸೀಳು ತೂತು. ಈ ಪ್ಲಾಸ್ಟಿಕ್ 30 ಡಿಗ್ರಿ ಬಿಸಿಯೇರಿದರೆ 600 ಮಿ.ಮೀ.ಗೆ ಎರಡೂವರೆ ಮಿ.ಮೀ.ನಷ್ಟು ಹಿಗ್ಗುತ್ತದೆ, ಮಧ್ಯಾಹ್ನದ ಕಣದಲ್ಲಿ ಕಪ್ಪು ಹಲಗೆಗೆ ಅದು ದಿನವೂ ಇರುವ ಮಾತು. ಮೂರೂ ದುಂಡು ತೂತಾದರೆ ಬೋಲ್ಟ್ ಪಕ್ಕದಲ್ಲೇ ಬಿರುಕು. ಅಗಲ ವಾಷರ್ ಹಾಕಿ, ನೈಲಾಕ್ ನಟ್ (ತಾನಾಗಿ ಸಡಿಲವಾಗದ ನಟ್) ಬಿಗಿದು ಕಾಲು ಸುತ್ತು ಸಡಿಲಿಸಿ. ಸಿಮೆಂಟಿಗೆ ಉಜ್ಜಿ ಅಂಚು ಸವೆದಾಗ ಉಜ್ಜುಹತ್ತರಿಯಿಂದ ಮತ್ತೆ ಇಳಿಜಾರು ತೆಗೆಯಿರಿ. ಬರುವ ಸಿಪ್ಪೆಯನ್ನು ತೊಳೆದು ಒಣಗಿಸಿಟ್ಟರೆ ಮುಂದಿನ ಹಲಗೆಯ ಎರಡನೆಯ ಸುತ್ತಿಗೆ ಪೈಪಿನ ಚೂರಿನ ಜೊತೆ ಸೇರುತ್ತದೆ.